ಮೊರಬದಲ್ಲಿ ಹಾಸಿದ ಜಮಖಾನ

ನವಲಗುಂದದ ಒಂದು ಓಣಿಯಲ್ಲಿ, ಬಾಗಿಲಿಗೆ ಸದಾ ಗೋಣಿತಟ್ಟಿನ ಪರದೆ ಇಳಿಬಿಟ್ಟ ಮನೆಯಲ್ಲಿ, ಮಲಿಕಾಬಿ ಜಮಖಾನ ನೇಯುತ್ತಿದ್ದಳು. ಹದಿನಾಲ್ಕರ ವಯಸ್ಸಿನಲ್ಲಿ ಅಣ್ಣಿಗೇರಿಯಿಂದ ಸೊಸೆಯಾಗಿ ಬಂದವಳು. ಅಂಗೈಯ ಮದರಂಗಿ ಮಾಸುವ ಮೊದಲೇ ಅತ್ತೆ ಅವಳನ್ನು ಮಗ್ಗದ ಮುಂದೆ ಕೂರಿಸಿದ್ದಳು. ಆಮೇಲೆ ಅವಳು ಅಲ್ಲಿಂದ ಎದ್ದದ್ದು ಅಡಿಗೆಗೆ, ನಮಾಜಿಗೆ, ಹೆರಿಗೆಗೆ. ನಾಲ್ಕು ಹೆರಿಗೆಯಲ್ಲಿ ಉಳಿದದ್ದು ಒಂದೇ ಕೂಸು, ಮಗಳು ರಹೀಮಾಬಿ.

ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ನೇಯುವುದನ್ನು ಸೊಸೆಯರಿಗೆ ಕಲಿಸುತ್ತಿದ್ದರು, ಹೆಣ್ಣುಮಕ್ಕಳಿಗೆ ಕಲಿಸುತ್ತಿರಲಿಲ್ಲ. ಮಗಳು ಬೇರೆ ಮನೆಗೆ ಹೋಗುವವಳು, ಅವಳ ಕೈಯ ಜೊತೆ ಕೆಲಸವೂ ಹೊರಗೆ ಹೋಗುತ್ತದೆ ಎಂಬ ಭಯ. ಹಾಗಾಗಿ ಚಿಕ್ಕವಳಿದ್ದಾಗ ರಹೀಮಾ ಮಗ್ಗದ ಖೋಲಿಯ ಹೊಸ್ತಿಲಲ್ಲೇ ಆಡುತ್ತಿದ್ದಳು, ಒಳಗೆ ಬರುವಂತಿರಲಿಲ್ಲ. ಅವಳಿಗೆ ಹನ್ನೆರಡು ತುಂಬಿದ ವರ್ಷ ಅಜ್ಜಿಯ ಕಣ್ಣಿಗೆ ಪೊರೆ ಬಂತು. ಅಗಲದ ಜಮಖಾನಕ್ಕೆ ಇಬ್ಬರು ಪಕ್ಕಪಕ್ಕ ಕೂತು ನೇಯಬೇಕು. ಒಂದು ಜಾಗ ಖಾಲಿಯಾಯಿತು. ಮಲಿಕಾಬಿಯ ಗಂಡ ಯಾಕೂಬಸಾಬ ನೂಲಿಗೆ ಬಣ್ಣ ಹಾಕುವವನು, ಉಬ್ಬಸದ ರೋಗಿ, ಯಾವುದಕ್ಕೂ ಎದುರಾಡದವನು. ನೂಲು ತರುವುದು, ಮಾಲು ಮಾರುವುದು, ಹೂಂ ಅಥವಾ ಉಹೂಂ ಅನ್ನುವುದು ಎಲ್ಲ ಅವನ ಅಣ್ಣ, ರಹೀಮಾಳ ಬಡೇಅಬ್ಬಾ ಇಮಾಮುದ್ದೀನನ ಕೈಯಲ್ಲಿತ್ತು.

"ಹುಡುಗಿ ಕೂಡ್ರಲಿ," ಎಂದು ಇಮಾಮುದ್ದೀನ ಹೇಳಿದ. "ಆದರ ಒಂದು ಮಾತು. ಕಲತ ಮ್ಯಾಲ ಆಕಿ ಈ ಮನಿ ಬಿಟ್ಟು ಹೋಗಾಂಗಿಲ್ಲ."

ಯಾಕೂಬಸಾಬ ತಲೆ ಬಾಗಿಸಿದ. ಮಗಳಿಗೆ ಇನ್ನೂ ಹನ್ನೆರಡು, ಹೋಗುವ ಮಾತು ಬಹಳ ದೂರ ಇದೆ ಎಂದು ಮಲಿಕಾಬಿಯೂ ಸುಮ್ಮನಾದಳು. ತಾನೇ ಮಗಳ ಬೆರಳು ಹಿಡಿದು ಹಾಸುನೂಲಿನ ನಡುವೆ ತೂರಿಸಿ ಕಲಿಸಿದಳು. ಹದಿನೈದಕ್ಕೆ ರಹೀಮಾ ಪಗಡೆಯ ಮನೆಯ ಚಿತ್ತಾರ ನೇಯ್ದಳು, ಹದಿನೇಳಕ್ಕೆ ನವಿಲು. ಅವಳ ಕೈ ತಾಯಿಯ ಕೈಗಿಂತ ಚುರುಕಾಯಿತು. ಅವಳ ಮದುವೆಗೆ ಕೇಳಿಕೊಂಡು ಎರಡು ಮೂರು ಮನೆಯವರು ಬಂದರು, ಇಮಾಮುದ್ದೀನ ಚಹಾ ಕುಡಿಸಿ ಕಳಿಸಿದ. ಆಮೇಲೆ ಯಾರೂ ಬರಲಿಲ್ಲ.

ಎಪ್ಪತ್ನಾಲ್ಕರ ಡಿಸೆಂಬರದಲ್ಲಿ ಧಾರವಾಡದಿಂದ ಒಬ್ಬ ಸಾಹೇಬ ಬಂದ. ನೇಕಾರರ ಹೆಸರು, ವಯಸ್ಸು ಬರೆದುಕೊಳ್ಳುವ ಕೆಲಸ ಅವನದು. ಪರದೆಯ ಆಚೆ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ, ಪಕ್ಕದಲ್ಲಿ ನಿಂತು ಯಾಕೂಬಸಾಬ ಹೇಳುತ್ತಿದ್ದ. ಮಗಳು ಹುಟ್ಟಿದ ತಾರೀಖು ಕೇಳಿದಾಗ ಯಾಕೂಬಸಾಬ ಒಳಗೆ ಬಂದು, ಗೂಡಿನಲ್ಲಿ ಬಟ್ಟೆ ಸುತ್ತಿಟ್ಟ ಕುರಾನು ತೆಗೆದು, ಅದರ ಮೊದಲ ಹಾಳೆಯಲ್ಲಿ ಅವನ ತಂದೆ ಬರೆದಿಟ್ಟಿದ್ದನ್ನು ಓದಿ ಹೇಳಿದ. ಸಾವಿರದ ಒಂಬೈನೂರಾ ನಲವತ್ತೆಂಟು, ಜನವರಿ ಹನ್ನೆರಡು.

"ಸಂಕ್ರಮಣದ ಮುಂದs ಬಂತಲ್ರಿ," ಎಂದ ಸಾಹೇಬ ಬರೆಯುತ್ತ. "ಇನ್ನ ತಿಂಗಳ ಸೈತ ಇಲ್ಲ. ನಮ್ಮ ಹುಬ್ಬಳ್ಯಾಗ ಆದ್ರ ಹುಡುಗೂರು ಹುಟ್ಟಿದ ದಿನಾ ಅಂತ ಗದ್ದಲಾ ಮಾಡಿ ಮನಿ ಎತ್ತಿ ಇಟ್ಟುಬಿಡತಾವ."

ಅವನು ಹೋದ. ರಹೀಮಾ ಉಣ್ಣೆಯಂತೆ ಮೆತ್ತಗಿದ್ದ ನೀಲಿ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನನಗೂ ಒಂದು ತಾರೀಖು ಐತಿ ಅಂತ ಗೊತ್ತಿರಲಿಲ್ಲ," ಎಂದಳು. ಬೇಸರದಿಂದ ಹೇಳಲಿಲ್ಲ, ಸುಮ್ಮನೆ ಹೇಳಿದಳು. ಮನೆಯೊಳಗೆ ಎಲ್ಲರೂ ಉರ್ದು ಮಾತಾಡುತ್ತಿದ್ದರೂ ಮಗ್ಗದ ಮುಂದೆ ತಾಯಿ ಮಗಳು ಕನ್ನಡವನ್ನೇ ಆಡುತ್ತಿದ್ದರು. ಮಲಿಕಾಬಿ ಅಣ್ಣಿಗೇರಿಯಲ್ಲಿ ಲಿಂಗಾಯತರ ಓಣಿಯ ಹುಡುಗಿಯರ ಜೊತೆ ಬೆಳೆದವಳು.

ಆ ಮಾತು ಮಲಿಕಾಬಿಯನ್ನು ಬಿಡಲಿಲ್ಲ. ಅವರ ಮನೆಯಲ್ಲಿ ಯಾರೂ ಹುಟ್ಟಿದ ದಿನ ಮಾಡಿದವರಲ್ಲ. ಆದರೂ ಈ ಒಂದು ಸಲ ಮಾಡಬೇಕು ಅನ್ನಿಸಿತು. ಮಾಡಲು ಏನಿದೆ ಎಂದು ಹುಡುಕಿದರೆ ಏನೂ ಇರಲಿಲ್ಲ. ದುಡ್ಡು ಇಮಾಮುದ್ದೀನನ ಕೈಯಿಂದ ವಾರಕ್ಕೊಮ್ಮೆ ಬರುತ್ತಿತ್ತು, ಬಂದದ್ದು ಜೋಳಕ್ಕೆ, ಎಣ್ಣೆಗೆ, ಯಾಕೂಬಸಾಬನ ಔಷಧಕ್ಕೆ ಹೋಗುತ್ತಿತ್ತು. ಅವಳದು ಅಂತ ಇದ್ದದ್ದು ಹಿತ್ತಲಿನ ಎರಡು ಕೋಳಿ. ಅವತ್ತಿನಿಂದ ಅವು ಇಟ್ಟ ಮೊಟ್ಟೆ ಮನೆಯ ಒಲೆಗೆ ಹೋಗಲಿಲ್ಲ, ದವಾಖಾನೆಯ ಕಂಪೌಂಡರನ ಮನೆಗೆ ಮಾರಾಟಕ್ಕೆ ಹೋದವು. ತನ್ನ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟು, ಆ ಚಮಚೆ ಚಮಚೆ ಸಕ್ಕರೆಯನ್ನು ಅರಿವೆಯಲ್ಲಿ ಗಂಟು ಕಟ್ಟಿ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಳು.

ಒಂದು ದಿನ ನೇಯುತ್ತ ಕೇಳಿದಳು. "ನಿನ್ನ ಹುಟ್ಟಿದ ದಿನಕ್ಕ ಏನರ ಮಾಡೂಣು ಅಂತೇನಿ. ಏನು ಬೇಕು ನಿನಗ?"

ರಹೀಮಾ ನಕ್ಕಳು. "ಏನೂ ಬ್ಯಾಡಮ್ಮಾ. ಇರೂದು ಅಷ್ಟರಾಗ ಐತಿ."

"ಅಷ್ಟರಾಗs ಹೇಳು."

ರಹೀಮಾ ಕಬ್ಬಿಣದ ಪಂಜದಿಂದ ನಾಲ್ಕು ಸಲ ನೂಲನ್ನು ಕೆಳಗೆ ಬಡಿದಳು. ಆಮೇಲೆ ಹೇಳಿದಳು, "ನಾವು ನೇಯ್ದ ಜಮಖಾನ ಯಾರದರ ಮನ್ಯಾಗ ಹಾಸಿದ್ದು ನೋಡಬೇಕು."

ಮಲಿಕಾಬಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅವರ ಮಗ್ಗ ಗೋಡೆಗೆ ನಿಲ್ಲಿಸಿದ ಮಗ್ಗ. ನೇಯ್ದಷ್ಟೂ ಕೆಳಗಿನ ಮರಕ್ಕೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಕಣ್ಣ ಮುಂದೆ ಇರುವುದು ಯಾವಾಗಲೂ ಒಂದು ಮೊಳದಷ್ಟು. ಮುಗಿದ ಮೇಲೆ ಕೊಯ್ದು ಸುರುಳಿ ಸುತ್ತಿ ಹಗ್ಗ ಬಿಗಿಯುತ್ತಾರೆ, ಇಮಾಮುದ್ದೀನನ ಚಕ್ಕಡಿ ಬರುತ್ತದೆ. ಬಿಚ್ಚಿ ಹಾಸಲು ಅವರ ಮನೆಯಲ್ಲಿ ಅಷ್ಟು ನೆಲವೇ ಇರಲಿಲ್ಲ. ಹದಿನೈದು ವರ್ಷ ನೇಯ್ದ ಹುಡುಗಿ ತಾನು ನೇಯ್ದ ಒಂದು ಜಮಖಾನವನ್ನೂ ಪೂರ್ತಿ ನೋಡಿರಲಿಲ್ಲ. ಮಲಿಕಾಬಿಯೂ ನೋಡಿರಲಿಲ್ಲ. ಆದರೆ ಅವಳಿಗೆ ನೋಡಬೇಕು ಅಂತ ಎಂದೂ ಅನ್ನಿಸಿರಲಿಲ್ಲ.

ದಾರಿ ತಾನಾಗಿಯೇ ಸಿಕ್ಕಿತು. ನಾಲ್ಕು ವರ್ಷದ ಹಿಂದೆ ಮೊರಬದ ಶಂಭುಲಿಂಗಪ್ಪ ಎಂಬ ಹೊಲಮನೆಯುಳ್ಳವರು ಮಗನ ಮದುವೆಗೆಂದು ದೊಡ್ಡ ಜಮಖಾನ ನೇಯಿಸಿದ್ದರು. ಅದರ ಒಂದು ಅಂಚು ಬಿಚ್ಚಿಕೊಂಡಿದೆ, ಸರಿ ಮಾಡಿಸಬೇಕು ಎಂದು ಅವರ ಹೆಂಡತಿ ಮಹಾದೇವಕ್ಕ ಹೇಳಿ ಕಳಿಸಿದ್ದರು. ಮಲಿಕಾಬಿ ಪರದೆಯ ಈಚೆ ನಿಂತು ಭಾವನಿಗೆ ಹೇಳಿದಳು. "ಅದನ್ನ ಎತ್ತಾಕ ನಾಲ್ಕು ಮಂದಿ ಬೇಕು ಭಾವಾರ. ನಾವs ಹೋಗಿ ಕೂತು ಮಾಡಿ ಬರತೇವಿ. ಸಂಜಿಗಿ ಮನ್ಯಾಗ ಇರತೇವಿ."

"ಒಬ್ಬಾಕಿ ಹೋದರ ಸಾಲದೇನು?"

"ಅಂಚು ಹಿಡಿಯಾಕ ಇಬ್ಬರು ಬೇಕ್ರಿ."

ಇಮಾಮುದ್ದೀನ ಒಪ್ಪಿದ. ಹುಟ್ಟಿದ ದಿನದ ಮಾತು ಅವನ ಕಿವಿಗೆ ಬೀಳಲಿಲ್ಲ.

ಜನವರಿ ಹನ್ನೆರಡರ ಬೆಳಿಗ್ಗೆ ಮಲಿಕಾಬಿ ರವೆ ಹುರಿದು ಸಿರಾ ಮಾಡಿದಳು. ತುಪ್ಪ ಸಾಲದ್ದಕ್ಕೆ ಶೇಂಗಾ ಎಣ್ಣೆ ಬೆರೆಸಿದಳು. ಯಾಕೂಬಸಾಬನಿಗೆ ಒಂದು ಬಟ್ಟಲು ತೆಗೆದಿಟ್ಟು ಉಳಿದದ್ದನ್ನು ಹಿತ್ತಾಳೆ ಡಬ್ಬಿಗೆ ತುಂಬಿದಳು. ಅವನು ಮಗಳ ತಲೆಯ ಮೇಲೆ ಕೈಯಿಟ್ಟು ಏನೋ ದುವಾ ಹೇಳಿದ, ಅದರ ನಡುವೆ ಕೆಮ್ಮು ಬಂತು. ತಾಯಿ ಮಗಳು ಬುರ್ಖಾ ಹಾಕಿಕೊಂಡು, ಸೂಜಿ ನೂಲಿನ ಗಂಟು ಹಿಡಿದು ಬಸ್ಸು ಹತ್ತಿದರು.

ಎರಡೂ ಬದಿಗೆ ಎರೆಹೊಲ, ತೆನೆ ಬಿಟ್ಟ ಬಿಳಿಜೋಳ, ಕುಸುಬಿಯ ಹಳದಿ. ರಹೀಮಾ ಕಿಟಕಿಯ ಸರಳು ಹಿಡಿದು ದಾರಿಯುದ್ದಕ್ಕೂ ನೋಡಿದಳು. ಮೊರಬ ಬಂದಾಗ, "ಇಷ್ಟು ಲಗೂನ ಬಂತs?" ಎಂದಳು.

ಶಂಭುಲಿಂಗಪ್ಪನವರ ಮನೆಯಲ್ಲಿ ಸಂಕ್ರಮಣದ ಗಡಿಬಿಡಿ. ಅಡಿಗೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಮಹಾದೇವಕ್ಕ ಕೈ ಒರೆಸಿಕೊಳ್ಳುತ್ತ ಬಂದರು, ಐವತ್ತರ ಆಸುಪಾಸಿನ ಹೆಂಗಸು, ಹಣೆಗೆ ವಿಭೂತಿ, ಅದರ ನಡುವೆ ಕುಂಕುಮ. "ಬರ್ರಿ, ಬರ್ರಿ. ಗಂಡಸೂರು ಹೊಲಕ್ಕ ಹೋಗ್ಯಾರ, ಪರದೆ ತಗೀರಿ," ಎಂದರು. ಅಂಚಷ್ಟೇ ಬಿಚ್ಚಿ ತೋರಿಸಲು ಕೆಲಸದ ಹೆಂಗಸರಿಗೆ ಹೇಳಹೊರಟಾಗ ಮಲಿಕಾಬಿ ತಡೆದಳು.

"ಅಕ್ಕಾರ, ಒಂದು ಮಾತು. ಪೂರಾ ಹಾಸಸ್ರಿ. ನಮ್ಮ ಹುಡುಗಿಗಿ ನೋಡಬೇಕಂತ. ಇವತ್ತ ಆಕಿ ಹುಟ್ಟಿದ ದಿನ ಐತ್ರಿ."

ಮಹಾದೇವಕ್ಕ ಒಮ್ಮೆ ರಹೀಮಾಳ ಮುಖ ನೋಡಿದರು. ಪಡಸಾಲೆಯಲ್ಲಿದ್ದ ಚೀಲಗಳನ್ನೆಲ್ಲ ಆಚೆಗೆ ಎಳೆಸಿ, ನೆಲ ಗುಡಿಸಿ, ಜಮಖಾನವನ್ನು ಗೋಡೆಯಿಂದ ಗೋಡೆಗೆ ಹಾಸಿಸಿದರು.

ರಹೀಮಾ ಅಂಚಿನಲ್ಲೇ ನಿಂತುಬಿಟ್ಟಳು. ಕೆಂಪು ನೆಲ, ಅದರ ಸುತ್ತ ನೀಲಿಯ ಪಟ್ಟಿ, ನಡುವೆ ಪಗಡೆಯ ಹಾಸು, ನಾಲ್ಕು ಮೂಲೆಗೂ ಜೋಡಿ ನವಿಲು. ಕಾಲಿಡಲು ಹೆದರಿದವಳಂತೆ ನಿಂತಿದ್ದಳು. ಮಹಾದೇವಕ್ಕ, "ತುಳೀಯವಾ, ತುಳೀಯಾಕs ಮಾಡಿದ್ದು," ಎಂದ ಮೇಲೆ ಬರಿಗಾಲಲ್ಲಿ ಮೆಲ್ಲಗೆ ನಡೆದಳು. ನಡುವಿನ ತನಕ ಹೋದಳು. ಬಾಗಿ ನೋಡಿದಳು, ಕೂತು ಅಂಗೈಯಿಂದ ಸವರಿದಳು. ಕಿಟಕಿಯ ಕಡೆಯ ಮೂಲೆಗೆ ಹೋಗಿ ಒಂದು ನವಿಲಿನ ಮುಂದೆ ನಿಂತಳು.

"ಇದರ ಕೊರಳು ಗಿಡ್ಡ ಆಗೇತಿ," ಎಂದಳು.

ಮಲಿಕಾಬಿ ಹತ್ತಿರ ಹೋಗಿ ನೋಡಿದಳು. ಹೌದು, ಉಳಿದ ಏಳು ನವಿಲಿಗಿಂತ ಅದರ ಕೊರಳು ಎರಡು ಬೆರಳು ಕಡಿಮೆ ಇತ್ತು. "ನನಗ ಅವತ್ತ ತಿಳೀಲಿಲ್ಲ ನೋಡು," ಎಂದಳು.

"ನನಗ ತಿಳದಿತ್ತು. ಎಳಿ ಎಣಸೂದು ತಪ್ಪಿತ್ತು. ಹೆಬಸೂರಿನವರು ನನ್ನ ಕೇಳಾಕ ಬಂದ ದಿನ ಅದು. ಬಡೇಅಬ್ಬಾ ಹೊರಗ ಅವರಿಗೆ ಹೇಳಾಕತ್ತಿದ್ರು, ನಮ್ಮ ಹುಡುಗಿ ಕೈ ಹೊರಗ ಹೋಗೂ ಕೈ ಅಲ್ಲ ಅಂತ."

ಆ ದಿನ ಮಗಳಿಗೆ ಕೇಳಿಸಬಾರದೆಂದು ಮಲಿಕಾಬಿ ಪಂಜವನ್ನು ಬೇಕೆಂದೇ ಜೋರಾಗಿ ಬಡಿಯುತ್ತ ಕೂತಿದ್ದಳು. ಕೇಳಿಸಿಲ್ಲ ಎಂದು ನಾಲ್ಕು ವರ್ಷ ನಂಬಿದ್ದಳು.

ಅಂಚು ಸರಿ ಮಾಡಲು ಮಧ್ಯಾಹ್ನದ ತನಕ ಹಿಡಿಯಿತು. ಆಮೇಲೆ ಮಹಾದೇವಕ್ಕ ಜಮಖಾನದ ಮೇಲೆಯೇ ಎಲ್ಲರನ್ನೂ ಕೂರಿಸಿದರು. ಸಜ್ಜೆರೊಟ್ಟಿ, ಎಣಗಾಯಿ ಬದನೆಕಾಯಿ, ಅಗಸಿ ಹಿಂಡಿ, ಕೆನೆಮೊಸರು. ಮಲಿಕಾಬಿ ಡಬ್ಬಿ ಬಿಚ್ಚಿದಳು. ಮನೆಯ ಮುದುಕಿ, ಮಹಾದೇವಕ್ಕನ ಅತ್ತೆ, ಮುಟ್ಟಲಿಲ್ಲ. ಮಹಾದೇವಕ್ಕ ಎಲ್ಲರೆದುರು ಒಂದು ತುತ್ತು ಸಿರಾ ತೆಗೆದು ಬಾಯಿಗೆ ಹಾಕಿಕೊಂಡರು, ಸೊಸೆಗೂ ಕೊಟ್ಟರು. ಒಳಗಿನಿಂದ ಒಂದು ಗುಳೇದಗುಡ್ಡದ ಕುಪ್ಪಸದ ಖಣ ತಂದು ರಹೀಮಾಳ ಕೈಯಲ್ಲಿಟ್ಟರು. "ನಿನ್ನ ಕೈಲೆ ಆದ ಹಾಸಿನ ಮ್ಯಾಲ ನನ್ನ ಮಗನ ಮದವಿ ಅಕ್ಕಿಕಾಳು ಬಿದ್ದಾವ. ಬ್ಯಾಡ ಅನಬ್ಯಾಡ," ಎಂದರು. ರಹೀಮಾ ಅವತ್ತು ಎರಡು ಸಲ ಮೊಸರು ಹಾಕಿಸಿಕೊಂಡು ಉಂಡಳು. ಮಗಳು ಹೀಗೆ ನಾಚಿಕೆಯಿಲ್ಲದೆ ಉಂಡದ್ದನ್ನು ಮಲಿಕಾಬಿ ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಆಗ ಮಹಾದೇವಕ್ಕ ಒಂದು ಮಾತು ತೆಗೆದರು.

"ನಮ್ಮೂರಾಗ ಮಹಿಳಾ ಮಂಡಳ ಆಗೇತಿ ಮಲಿಕಾಬಿ. ನೇಯೂದು ಕಲಸಾಕ ಒಬ್ಬಾಕಿ ಬೇಕಾಗ್ಯಾಳ. ತಿಂಗಳಾ ಪಗಾರ ಕೊಡತಾರ. ನಮ್ಮ ಹಿತ್ತಲದಾಗ ಒಂದು ಖೋಲಿ ಖಾಲಿ ಐತಿ. ಈಕಿ ಬಂದು ಇದ್ದರ ನನ್ನ ಮಗಳಂಗ ನೋಡಕೋತೇನಿ."

"ಇಲ್ರಿ ಅಕ್ಕಾರ," ಎಂದಳು ಮಲಿಕಾಬಿ. "ನಮ್ಮ ಕೆಲಸಾ ನಾವು ಹೊರಗ ಕಲಸೂದಿಲ್ರಿ."

ಆ ಮಾತು ಅವಳ ಬಾಯಿಂದ ಯೋಚನೆಯಿಲ್ಲದೆ ಬಂತು, ಯಾರೋ ಬಾಗಿಲು ತಟ್ಟಿದರೆ ಕೈ ತಾನಾಗಿ ಪರದೆ ಎಳೆದಂತೆ. ಆಡಿ ಮುಗಿದ ಮೇಲೆ ಪಕ್ಕದಲ್ಲಿ ಮಗಳು ಕೂತಿದ್ದಾಳೆ ಎಂಬುದು ನೆನಪಾಯಿತು. ರಹೀಮಾ ಕೈಯಲ್ಲಿದ್ದ ಖಣವನ್ನು ಮಡಚುತ್ತಿದ್ದಳು. ಮಹಾದೇವಕ್ಕ, "ವಿಚಾರ ಮಾಡ್ರಿ, ಗಡಿಬಿಡಿ ಇಲ್ಲ," ಎಂದು ಮಾತು ಬದಲಿಸಿದರು.

ಸಂಜೆಯ ಬಸ್ಸಿನಲ್ಲಿ ರಹೀಮಾ ಕಿಟಕಿಯ ಕಡೆ ಕೂಡಲಿಲ್ಲ. "ನೀ ಕೂಡಮ್ಮಾ, ಗಾಳಿ ಬರತೈತಿ," ಎಂದು ತಾಯಿಗೆ ಬಿಟ್ಟಳು. ಮರುದಿನ ಇಬ್ಬರೂ ಎಂದಿನಂತೆ ಮಗ್ಗಕ್ಕೆ ಕೂತರು. ಮಧ್ಯಾಹ್ನದ ಹೊತ್ತಿಗೆ ಮಲಿಕಾಬಿಗೆ ತಡೆಯಲಾಗಲಿಲ್ಲ.

"ನಾ ಬ್ಯಾಡ ಅಂದಿದ್ದಕ್ಕ ಸಿಟ್ಟು ಬಂತೇನು?"

"ಬ್ಯಾಡ ಅಂದಿದ್ದಕ್ಕಲ್ಲ," ಎಂದಳು ರಹೀಮಾ, ನೂಲಿನ ಮೇಲಿನ ಕಣ್ಣು ತೆಗೆಯದೆ. "ಬಡೇಅಬ್ಬಾ ಬ್ಯಾಡ ಅಂತಾರ ಅನ್ನೂದು ನನಗೂ ಗೊತ್ತು. ಆದರ ನೀ ನನ್ನ ಕಡೆ ಒಂದು ಸಲಾನೂ ನೋಡಲಿಲ್ಲ."

ಮಲಿಕಾಬಿ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಶುಕ್ರವಾರ ಇಮಾಮುದ್ದೀನ ನೂಲು ಹಾಕಲು ಬಂದಾಗ ಪರದೆಯ ಹಿಂದೆ ನಿಂತು, ಮೊರಬದವರ ಮಾತನ್ನು ಹೇಳಿದಳು. ಅಷ್ಟು ವರ್ಷದಲ್ಲಿ ಅವಳು ಅವನೆದುರು ತನ್ನದು ಎಂದು ಆಡಿದ ಮೊದಲ ಮಾತು ಅದು. ಹುಡುಗಿಯನ್ನು ಕಳಿಸೋಣ ಎಂದಳು.

ಇಮಾಮುದ್ದೀನ ರೇಗಲಿಲ್ಲ. ರೇಗಿದ್ದರೆ ಅವಳಿಗೆ ಅಳಲಾದರೂ ಬರುತ್ತಿತ್ತು. "ಕಳಸೂಣು," ಎಂದ. "ಕಳಿಸಿ ನೀನು ಯಾರ ಬಾಜೂ ಕೂಡತಿ? ಯಾಕೂಬನ ಎದಿ ಹೆಂಗೈತಿ ನಿನಗs ಗೊತ್ತು. ಮಗ್ಗ ನಿಂತರ ನನ್ನ ಒಲಿನೂ ಆರತೈತಿ, ನಿಂದೂ ಆರತೈತಿ. ನನಗೇನು ಆಕಿ ಮ್ಯಾಲ ಹಟಾ ಐತೇನು?"

ಮಲಿಕಾಬಿ ಪರದೆಯ ಅಂಚು ಹಿಡಿದು ಹೇಳಿದಳು, "ಖಾಸಿಂಬಿಗೆ ಕಲಸತೇನಿ."

ಖಾಸಿಂಬಿ ಇಮಾಮುದ್ದೀನನ ಸೊಸೆ. ಅವನ ಮಗ ಗುಲಾಮಹುಸೇನ ಹಿಂದಿನ ಬೇಸಿಗೆಯಲ್ಲಷ್ಟೇ ಮದುವೆಯಾಗಿದ್ದ. ಕಲಘಟಗಿ ಕಡೆಯ ತಂಬೂರದ ಹುಡುಗಿ, ಹತ್ತೊಂಬತ್ತು ವರ್ಷ, ಅತ್ತೆಯಿಲ್ಲದ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದಳು. ಸೊಸೆಗೆ ಕಲಿಸುವುದು ಕಟ್ಟಳೆಗೆ ಸರಿಯಾದದ್ದೇ. ಇಮಾಮುದ್ದೀನ ನೂಲಿನ ಗಂಟು ಕೆಳಗಿಟ್ಟು, "ಆಕಿ ಕೈ ತಯಾರಾಗಲಿ. ಆಮ್ಯಾಲ ನೋಡೂಣು," ಎಂದ.

ಆ ದಿನ ಮಲಿಕಾಬಿಗೆ ಗೆದ್ದಂತೆ ಅನ್ನಿಸಿತು. ರಹೀಮಾ ಆ ಸಂಜೆ ತಾಯಿಯ ತಲೆಗೆ ಎಣ್ಣೆ ಹಚ್ಚಿ ಬಾಚಿದಳು.

ಕೈ ತಯಾರಾಗಲು ಎರಡೂವರೆ ವರ್ಷ ಹಿಡಿಯಿತು. ನಡುವೆ ಖಾಸಿಂಬಿಗೆ ಒಂದು ಗಂಡು ಕೂಸಾಯಿತು. ಮೊರಬದ ಮಹಿಳಾ ಮಂಡಳ ಅಲ್ಲಿಯ ತನಕ ಕಾಯಲಿಲ್ಲ, ಹೊಲಿಗೆ ಕಲಿಸಲು ಬೇರೊಬ್ಬಳನ್ನು ಇಟ್ಟುಕೊಂಡಿತು. ಮಲಿಕಾಬಿ ತಾನೇ ಮತ್ತೆರಡು ಸಲ ಬಸ್ಸು ಹತ್ತಿ ಹೋಗಿ ಮಹಾದೇವಕ್ಕನ ಪಡಸಾಲೆಯಲ್ಲಿ ಕೂತು ಬಂದಳು. ಎಪ್ಪತ್ತೇಳರ ದೀಪಾವಳಿ ದಾಟಿದ ಮೇಲೆ ಮಂಡಳಕ್ಕೊಂದು ಮಗ್ಗ ಬಂತು. ಹಿತ್ತಲಿನ ಖೋಲಿಯ ಮಾತು ಆ ಹೊತ್ತಿಗೆ ಹಳತಾಗಿತ್ತು, ಅಲ್ಲಿ ಮಹಾದೇವಕ್ಕನ ಮೊಮ್ಮಕ್ಕಳು ಆಡುತ್ತಿದ್ದರು. ವಾರಕ್ಕೆ ಮೂರು ದಿನ ರಹೀಮಾ ಹೋಗಿ ಕಲಿಸುವುದು, ಸಂಜೆಯ ಬಸ್ಸಿಗೆ ಮರಳುವುದು ಎಂದಾಯಿತು. ಇಮಾಮುದ್ದೀನ ಒಂದು ಷರತ್ತು ಹಾಕಿದ. ಪಟ್ಟಿ ಕಲಿಸಬಹುದು, ನವಿಲು ಕಲಿಸುವಂತಿಲ್ಲ.

ರಹೀಮಾ ಒಪ್ಪಿದಳು. ಅವಳಿಗೆ ಆಗ ಇಪ್ಪತ್ತೊಂಬತ್ತು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದಳು. ಬಂದ ಮೇಲೆ ಬುರ್ಖಾ ಗೂಟಕ್ಕೆ ಹಾಕಿ, ಬೆಳಕು ಇರುವಷ್ಟು ಹೊತ್ತು ಮನೆಯ ಮಗ್ಗಕ್ಕೆ ಕೂಡುತ್ತಿದ್ದಳು. ಮದುವೆಯ ಮಾತನ್ನು ಯಾರೂ ಆಡುತ್ತಿರಲಿಲ್ಲ, ಅವಳೂ ಆಡುತ್ತಿರಲಿಲ್ಲ. ಮೊರಬದ ಹುಡುಗಿಯರ ಸುದ್ದಿಯನ್ನು ಕೆಲವೊಮ್ಮೆ ತಾನಾಗಿ ಹೇಳಿ ನಗುತ್ತಿದ್ದಳು. ಕೆಲವೊಮ್ಮೆ ಹೇಳುತ್ತಿರಲಿಲ್ಲ.

ಅವಳು ಹೋದ ದಿನಗಳಲ್ಲಿ ಮಲಿಕಾಬಿಯ ಪಕ್ಕ ಖಾಸಿಂಬಿ ಕೂಡುತ್ತಿದ್ದಳು. ಅವಳ ಕೈ ಇನ್ನೂ ಸಡಿಲು, ಬಡಿತ ಬಿಗಿ ಇಲ್ಲ. ಒಂದು ಬುಧವಾರ ಅವಳು ನೇಯ್ದ ನಾಲ್ಕು ಬೆರಳಿನಷ್ಟನ್ನು ಮಲಿಕಾಬಿ ಬಿಚ್ಚಬೇಕಾಯಿತು. ಎಳೆ ಎಳೆಯಾಗಿ ಬಿಚ್ಚುತ್ತಿರುವಾಗ ಖಾಸಿಂಬಿ ತೊಟ್ಟಿಲ ಹಗ್ಗವನ್ನು ಕಾಲಿನಿಂದ ಎಳೆಯುತ್ತ, "ಚಾಚೀ, ನಮ್ಮ ಅಮ್ಮಗ ಆರಾಮಿಲ್ಲಂತ," ಎಂದಳು. "ನಾ ರಮಜಾನದಾಗ ಹೋದಾಕಿ, ಮತ್ತ ಹೋಗಿಲ್ಲ. ನಾಲ್ಕು ದಿನಾ ತಂಬೂರಕ್ಕ ಹೋಗಿ ಬರಲೇನು?"

ಮಗ್ಗದ ಮೇಲೆ ಹುಬ್ಬಳ್ಳಿಯ ಕಡೆಯ ಒಂದು ಮಾಲು ಅರ್ಧ ಆಗಿತ್ತು. ಇಮಾಮುದ್ದೀನ ಸೋಮವಾರ ಬರುತ್ತೇನೆ ಎಂದಿದ್ದ.

"ಇದೊಂದು ಮುಗೀಲವಾ," ಎಂದಳು ಮಲಿಕಾಬಿ, ಎಳೆಯಿಂದ ಕಣ್ಣೆತ್ತದೆ, "ಮುಗದ ಕೂಡ್ಲೆ ಹೋಗೀಯಂತ."

ಖಾಸಿಂಬಿ ಹೂಂ ಎಂದು ಕೆಂಪು ನೂಲಿನ ಉಂಡೆ ಕೈಗೆ ತೆಗೆದುಕೊಂಡಳು.